ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮೊದಲು ಪ್ಲಗ್ಗು. ಆಮೇಲೆ ಪ್ಲಗ್ಗಿನ ವೈರು. ಅದಾದ ಮೇಲೆ ಫ್ಯೂಯಲ್ ಫಿಲ್ಟರ್, ಫ್ಯೂಯಲ್ ಪಂಪ್, ಇಗ್ನಿಷನ್ ಕಾಯಿಲ್. ಕೊನೆಗೆ ಎಲ್ಲಿಂದಲೋ ಹುಡುಕಿ ತರಿಸಿದ ಸೆಕೆಂಡ್‌ಹ್ಯಾಂಡ್ ಎಂಜಿನ್ ಕಂಪ್ಯೂಟರ್. ಇಷ್ಟನ್ನೂ ಬದಲಾಯಿಸಿದ ಮೇಲೂ ಕಾರು ನಿಲ್ಲುತ್ತದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿ, ಅರ್ಧ ಗಂಟೆ ಸೊಗಸಾಗಿ ಓಡಿ, ಇದ್ದಕ್ಕಿದ್ದಂತೆ ಯಾರೋ ಸ್ವಿಚ್ ಆರಿಸಿದ ಹಾಗೆ ಸುಮ್ಮನಾಗುತ್ತದೆ. ರಸ್ತೆ ಪಕ್ಕಕ್ಕೆ ತಳ್ಳಿ, ಬಾನೆಟ್ ಎತ್ತಿ, ಹತ್ತಿಪ್ಪತ್ತು ನಿಮಿಷ ತಲೆ ಕೆರೆದುಕೊಂಡು ಮತ್ತೆ ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಒಯ್ದ ದಿನ ಮಾತ್ರ ಎಷ್ಟು ಓಡಿಸಿದರೂ ನಿಲ್ಲುವುದಿಲ್ಲ.

1980ರ ದಶಕದ ಪೋರ್ಷೆ 944 ಇಟ್ಟುಕೊಂಡವರಿಗೆ ಈ ಕಥೆ ಹೊಸದಲ್ಲ. ಜರ್ಮನಿಯಿರಲಿ, ಇಂಗ್ಲೆಂಡ್ ಇರಲಿ, ಅಮೆರಿಕ ಇರಲಿ, ಬದಲಾಯಿಸಿದ ಸಾಮಾನಿನ ಪಟ್ಟಿ ಸ್ವಲ್ಪ ಹೆಚ್ಚುಕಮ್ಮಿ ಆದೀತು, ಕಥೆ ಇದೇ. ಅದರ ಕೊನೆಯೂ ಬಹಳ ಸಲ ಒಂದೇ. ದೋಷ ಇದ್ದದ್ದು ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ರಿಲೇಯೊಂದರಲ್ಲಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ರಿಲೇಯ ಒಳಗಿನ ಒಂದು ಬೆಸುಗೆಯಲ್ಲಿ. ಅದುವರೆಗೆ ಬದಲಿಸಿದ ಸಾಮಾನುಗಳ ಬಿಲ್ಲಿನ ಮುಂದೆ ಆ ರಿಲೇಯ ಬೆಲೆ ಏನೇನೂ ಅಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವ ಗಾದೆ ಇಂಥ ರಿಪೇರಿಗೆಂದೇ ಹುಟ್ಟಿದಂತಿದೆ. ಬರೆ ಎಳೆದವನು ಮೆಕ್ಯಾನಿಕ್ ಎಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಎಮ್ಮೆಯನ್ನು ಹಿಡಿದು ನಿಲ್ಲಿಸಿ ಕೊಟ್ಟವನು ಕಾರಿನ ಯಜಮಾನ. ಕಣ್ಣಿಗೆ ಕಾಣುವ ಹೊಸ ಸಾಮಾನಿಗೆ ಅವನು ಸಾವಿರಗಟ್ಟಲೆ ಕೊಡುತ್ತಾನೆ. ದೋಷ ಎಲ್ಲಿದೆ ಎಂದು ಹುಡುಕಿದ ಹೊತ್ತಿಗೆ ಮಾತ್ರ ಬಿಡಿಗಾಸು ಬಿಚ್ಚುವುದಿಲ್ಲ. ಹುಡುಕುವ ಕೆಲಸಕ್ಕೆ ಬೆಲೆಯೇ ಇಲ್ಲದ ಕಡೆ ಯಾರೂ ಹುಡುಕುವುದಿಲ್ಲ, ಬದಲಾಯಿಸುತ್ತಾರೆ ಅಷ್ಟೇ. ನಿಂತು ನಿಂತು ಓಡುವ ಹಳೆಯ ಸ್ಪೋರ್ಟ್ಸ್ ಕಾರು ಕಲಿಸುವ ಪಾಠ ಇದು. ಅದು ಹಳೆಯ ಕಾರಿಗೆ ಮಾತ್ರ ಸೀಮಿತವಲ್ಲ, ದುಡ್ಡಿಗೆ ಮಾತ್ರ ಸೀಮಿತವೂ ಅಲ್ಲ.

ಬೆಸುಗೆಯ ಬಿರುಕು

944 ತಯಾರಾದದ್ದು 1982ರಿಂದ 1991ರವರೆಗೆ, ನೆಕ್ಕಾರ್ಜುಲ್ಮ್ ಎಂಬಲ್ಲಿದ್ದ ಆಡಿ ಕಾರ್ಖಾನೆಯಲ್ಲಿ. ಒಟ್ಟು 1,60,000ಕ್ಕೂ ಹೆಚ್ಚು ಕಾರುಗಳು ಹೊರಬಂದವು. ಮುಂದೆ ಓರೆಯಾಗಿ ಕೂರಿಸಿದ 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಹಿಂದಿನ ಚಕ್ರಗಳ ಬಳಿ ಗೇರ್‌ಬಾಕ್ಸ್. ಹಾಗಾಗಿ ಭಾರ ಎರಡೂ ಕಡೆ ಸಮನಾಗಿ ಹಂಚಿಹೋಗಿ ತಿರುವುಗಳಲ್ಲಿ ಕಾರು ಅಲುಗದೆ ಸಾಗುತ್ತದೆ. ಅದನ್ನು ಪ್ರೀತಿಸುವವರು ಪ್ರೀತಿಸುವುದು ಇದಕ್ಕೇ.

ರಿಪೇರಿಯ ದೃಷ್ಟಿಯಿಂದ ನೋಡಿದರೆ ಅದರ ವಿಶೇಷ ಬೇರೆ. ಅದಕ್ಕೆ ಕಾರ್ಬ್ಯುರೇಟರ್ ಇಲ್ಲ. ಪೆಟ್ರೋಲ್ ಎಷ್ಟು ಸುರಿಯಬೇಕು, ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬ ಎರಡನ್ನೂ ನಿರ್ಧರಿಸುವುದು ಬಾಷ್ ಕಂಪನಿಯ ಮೋಟ್ರಾನಿಕ್ ಕಂಪ್ಯೂಟರ್. ಪೋರ್ಷೆಯ ಭಾಷೆಯಲ್ಲಿ ಅದು ಡಿಎಂಇ. ಅಂದರೆ ಇದು ನಡುಗಾಲದ ಕಾರು. ಪಾಯಿಂಟ್ ಉಜ್ಜಿ, ಕಾರ್ಬ್ಯುರೇಟರ್ ಬಿಚ್ಚಿ ಸರಿಮಾಡುವಷ್ಟು ಹಳೆಯದಲ್ಲ. ಕೇಬಲ್ ಚುಚ್ಚಿದರೆ ತನ್ನ ಕಾಯಿಲೆ ತಾನೇ ಹೇಳುವಷ್ಟು ಹೊಸದೂ ಅಲ್ಲ. ಸ್ಕ್ಯಾನರ್ ಓದಬಲ್ಲ ಒಬಿಡಿ-2 ವ್ಯವಸ್ಥೆ ಅಮೆರಿಕದಲ್ಲಿ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 1996ರಲ್ಲಿ. ಅಷ್ಟರಲ್ಲಿ 944 ನಿಂತು ಐದು ವರ್ಷವಾಗಿತ್ತು. ಹಾಗಾಗಿ ಈ ಕಾರಿನ ಮುಂದೆ ಮೆಕ್ಯಾನಿಕ್‌ಗೆ ಇರುವುದು ಎರಡೇ ದಾರಿ: ಊಹಿಸುವುದು, ಇಲ್ಲವೇ ಯೋಚಿಸುವುದು.

ಯೋಚನೆ ಕಷ್ಟದ್ದೇನಲ್ಲ. ಪೆಟ್ರೋಲ್ ಎಂಜಿನ್ ಓಡುತ್ತಿರಲು ಬೇಕಾದದ್ದು ಮೂರು: ಸರಿಯಾದ ಅಳತೆಯ ಪೆಟ್ರೋಲ್, ಸರಿಯಾದ ಅಳತೆಯ ಗಾಳಿ, ಸರಿಯಾದ ಹೊತ್ತಿಗೆ ಕಿಡಿ. ಎಂಜಿನ್ ನಿಂತಿದೆ ಎಂದರೆ ಈ ಮೂರರಲ್ಲಿ ಒಂದು ತಪ್ಪಿದೆ. ಯಾವುದು ತಪ್ಪಿತು ಎಂದು ತಿಳಿಯುವ ಮುನ್ನ ಯಾವುದನ್ನು ಬದಲಾಯಿಸಿದರೂ ಅದು ಲಾಟರಿ.

ಡಿಎಂಇ ರಿಲೇ ಕೂತಿರುವುದು ಈ ಮೂರರಲ್ಲಿ ಎರಡರ ಬಾಗಿಲಲ್ಲಿ. ಒಂದೇ ಡಬ್ಬಿಯಲ್ಲಿ ಎರಡು ಸ್ವಿಚ್ಚುಗಳಿವೆ. ಕೀ ತಿರುಗಿಸಿದಾಗ ಮೊದಲನೆಯದು ಕಂಪ್ಯೂಟರಿಗೆ ಕರೆಂಟ್ ಕೊಡುತ್ತದೆ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಖಾತ್ರಿಯಾದ ಮೇಲೆ ಎರಡನೆಯದು ಫ್ಯೂಯಲ್ ಪಂಪನ್ನು ಓಡಿಸುತ್ತದೆ. ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು ಎಂಬುದು ಇದರ ಹಿಂದಿನ ಲೆಕ್ಕ. ಅಪಘಾತದಲ್ಲಿ ಪೈಪ್ ಹರಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರಬಾರದಲ್ಲ.

ಈ ರಿಲೇಯ ಒಳಗೆ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು. ಅದರ ಕಾಲುಗಳನ್ನು ಹಿಡಿದಿರುವುದು ಬೆಸುಗೆ. ಕಾರು ಓಡಿದಾಗ ಬಿಸಿ, ನಿಂತಾಗ ತಂಪು, ಹಿಗ್ಗುವುದು, ಕುಗ್ಗುವುದು, ಇದರ ಜೊತೆಗೆ ಸದಾ ಕಂಪನ. ಹದಿನೈದು ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು ಬೀಳುತ್ತದೆ. ಬರಿಗಣ್ಣಿಗೆ ಕಾಣದು, ಮಸೂರ ಬೇಕು. ತಣ್ಣಗಿದ್ದಾಗ ಬಿರುಕಿನ ಎರಡು ಅಂಚುಗಳು ಮುಟ್ಟಿಕೊಂಡಿರುತ್ತವೆ, ಕರೆಂಟ್ ಹರಿಯುತ್ತದೆ. ಕಾದಾಗ ಹಿಗ್ಗಿ ಬಿಟ್ಟುಕೊಳ್ಳುತ್ತವೆ, ಕಾರು ನಿಲ್ಲುತ್ತದೆ. ಹತ್ತಿಪ್ಪತ್ತು ನಿಮಿಷದಲ್ಲಿ ತಣಿದು ಮತ್ತೆ ಕೂಡಿಕೊಳ್ಳುತ್ತವೆ. ಟೋಯಿಂಗ್ ಗಾಡಿ ಬರುವಷ್ಟರಲ್ಲಿ ಕಾರು ಸ್ಟಾರ್ಟ್ ಆಗುವುದರ ಗುಟ್ಟು ಇಷ್ಟೇ. ಕಾರು ಆಟವಾಡಿಸುತ್ತಿಲ್ಲ, ತನ್ನ ನಿಯಮಕ್ಕೆ ತಕ್ಕಂತೆ ನಡೆದುಕೊಳ್ಳುತ್ತಿದೆ. ನಿಯಮ ತಿಳಿಯದವರಿಗೆ ಅದು ಚೇಷ್ಟೆಯಂತೆ ಕಾಣುತ್ತದೆ.

ನಿಲ್ಲುವ ಬಗೆಯಲ್ಲೇ ಸುಳಿವು

"ಕಾರು ನಿಲ್ಲುತ್ತೆ" ಎಂಬುದು ದೂರು. ಅದರಿಂದ ಮೆಕ್ಯಾನಿಕ್‌ಗೆ ತಿಳಿಯುವುದು ಕಡಿಮೆ. ಹೇಗೆ ನಿಲ್ಲುತ್ತದೆ ಎಂದು ಹೇಳಿದರೆ ಅರ್ಧ ಕೆಲಸ ಆದಂತೆ. ಮುನ್ಸೂಚನೆಯಿಲ್ಲದೆ ತಟ್ಟನೆ ನಿಂತರೆ ಅನುಮಾನ ಕರೆಂಟಿನ ಮೇಲೆ. ಎಳೆತ ಕಡಿಮೆಯಾಗಿ, ಜಗ್ಗಿ ಜಗ್ಗಿ, ಕೆಮ್ಮಿ ನಿಂತರೆ ಅನುಮಾನ ಪೆಟ್ರೋಲಿನ ಮೇಲೆ: ಟ್ಯಾಂಕಿನ ಒಳಗಿನ ಜಾಲರಿ ಕಟ್ಟಿಕೊಂಡಿರಬಹುದು, ಟ್ಯಾಂಕಿಗೆ ಗಾಳಿ ಒಳಬರುವ ದಾರಿ ಮುಚ್ಚಿರಬಹುದು, ಪಂಪ್ ಸೋತಿರಬಹುದು. ವೇಗದಲ್ಲಿ ಚೆನ್ನಾಗಿದ್ದು ಸಿಗ್ನಲ್ಲಿನಲ್ಲಿ ಕಾಲು ತೆಗೆದಾಗ ಮಾತ್ರ ನಿಂತರೆ ಗಾಳಿಯ ಕಡೆ ನೋಡಬೇಕು: ಬಿರುಕು ಬಿಟ್ಟ ರಬ್ಬರ್ ಕೊಳವೆ, ಮಸಿ ಕಟ್ಟಿದ ಐಡಲ್ ವಾಲ್ವು, ಸವೆದ ಏರ್ ಫ್ಲೋ ಮೀಟರ್.

ಇನ್ನೊಂದು ಸುಳಿವು ಚಾಲಕನ ಕಣ್ಣೆದುರಿಗೇ ಇದೆ, ಆರ್‌ಪಿಎಂ ಮುಳ್ಳು. ಕಾರು ಗೇರಿನಲ್ಲಿ ಉರುಳುತ್ತಿರುವಾಗಲೇ ಎಂಜಿನ್ ಸತ್ತರೆ, ಕ್ಲಚ್ ಒತ್ತುವವರೆಗೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಆಗಲೂ ಮುಳ್ಳು ಒಮ್ಮೆಲೇ ಸೊನ್ನೆಗೆ ಬಿದ್ದರೆ ಕಿಡಿಯ ಸಂಕೇತವೇ ಹೋಗಿದೆ ಎಂದರ್ಥ. ಮುಳ್ಳು ಬೀಳದೆ ಎಂಜಿನ್ನಿನ ಜೊತೆಗೇ ನಿಧಾನವಾಗಿ ಇಳಿದರೆ ಕಿಡಿ ಇದೆ, ಪೆಟ್ರೋಲ್ ಇಲ್ಲ. ಒಂದು ಕ್ಷಣದ ಈ ನೋಟಕ್ಕೆ ಖರ್ಚಿಲ್ಲ, ಸಲಕರಣೆ ಬೇಡ. ಆದರೆ ನಿಂತ ಗಾಬರಿಯಲ್ಲಿ ಯಾರೂ ಅದನ್ನು ನೋಡುವುದಿಲ್ಲ, ನೋಡಿದವರನ್ನು ಗ್ಯಾರೇಜಿನಲ್ಲಿ ಯಾರೂ ಕೇಳುವುದಿಲ್ಲ.

ನಿಂತ ಮೇಲೆ ಸೆಲ್ಫ್ ಹೊಡೆಯುವಾಗಲೂ ಅದೇ ಮುಳ್ಳು ಮಾತಾಡುತ್ತದೆ. 944ರಲ್ಲಿ ಸೆಲ್ಫ್ ತಿರುಗುವಾಗ ಮುಳ್ಳು ಸ್ವಲ್ಪ ಮಿಡುಕಿದರೆ ಕಂಪ್ಯೂಟರಿಗೆ ಜೀವವಿದೆ, ಎಂಜಿನ್ ತಿರುಗುವುದು ಅದಕ್ಕೆ ಕಾಣುತ್ತಿದೆ. ಪೆಟ್ರೋಲಿನ ಕಡೆ ಹೋಗಬಹುದು. ಮುಳ್ಳು ಸತ್ತಂತೆ ಬಿದ್ದಿದ್ದರೆ ಕಂಪ್ಯೂಟರಿಗೆ ಕರೆಂಟ್ ಬರುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ಎರಡು ನಿಮಿಷದಲ್ಲಿ ಅರ್ಧ ಕಾರು ಅನುಮಾನದ ಪಟ್ಟಿಯಿಂದ ಹೊರಗೆ. ಒಂದು ಎಚ್ಚರಿಕೆ: ಈ ಎಂಜಿನ್ನಿನ ಟೈಮಿಂಗ್ ಬೆಲ್ಟ್ ಹರಿದರೆ ಪಿಸ್ಟನ್ನು ವಾಲ್ವುಗಳಿಗೆ ಬಡಿಯುತ್ತದೆ. ನಿಂತ ರೀತಿ ಎಂದಿನಂತಿಲ್ಲದಿದ್ದರೆ, ಏನಾದರೂ ಹರಿದ ಸದ್ದು ಕೇಳಿದ್ದರೆ, ಮತ್ತೆ ಮತ್ತೆ ಸೆಲ್ಫ್ ಹೊಡೆಯುವ ಮುನ್ನ ಬೆಲ್ಟ್ ಇದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಬಿಸಿಯಾದಾಗ ಮಾತ್ರ ಬರುವ ಕಾಯಿಲೆಯನ್ನು ಗ್ಯಾರೇಜಿನಲ್ಲೇ ಬರಿಸುವುದು ಹೇಗೆ? ಬಿಸಿ ಮಾಡಿ. ಎಂಜಿನ್ ಓಡುತ್ತಿರುವಾಗ ಅನುಮಾನವಿರುವ ರಿಲೇಗೆ ಮಾತ್ರ ತಲೆಗೂದಲು ಒಣಗಿಸುವ ಡ್ರೈಯರ್ ಹಿಡಿಯುತ್ತಾರೆ. ಎಂಜಿನ್ ನಿಂತರೆ, ಸ್ವಲ್ಪ ತಣ್ಣಗೆ ಮಾಡಿದಾಗ ಮತ್ತೆ ಸ್ಟಾರ್ಟ್ ಆದರೆ, ಅನುಮಾನ ಹೋಗಿ ಸಾಕ್ಷಿ ಸಿಕ್ಕಂತಾಯಿತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುವುದೂ, ವೈರಿನ ಕಂತೆಯನ್ನು ಅಲುಗಾಡಿಸಿ ನೋಡುವುದೂ ಇದೇ ಜಾತಿಯ ಪರೀಕ್ಷೆಗಳು. ದೋಷ ತಾನಾಗಿ ಬರಲಿ ಎಂದು ಕಾಯುವುದಲ್ಲ, ಅದನ್ನು ಕರೆದು ಕೂರಿಸುವುದು.

ಹೆಸರಾದ ರೋಗದ ಅಪಾಯ

ಇಷ್ಟು ಓದಿದವರಿಗೆ ಒಂದು ತೀರ್ಮಾನ ಹೊಳೆದಿರಬಹುದು: ಹಾಗಾದರೆ 944 ನಿಂತಿತೆಂದರೆ ರಿಲೇ ಹಾಕಿಬಿಟ್ಟರಾಯಿತು! ಆ ಕಾರಿನ ಬಳಗದಲ್ಲಿ ಈಗ ಆಗುತ್ತಿರುವುದೂ ಅದೇ. ರಿಲೇಯ ಕಥೆ ಎಷ್ಟು ಹೆಸರಾಗಿದೆಯೆಂದರೆ ಅನುಭವಿಗಳು ಗ್ಲೌ ಬಾಕ್ಸಿನಲ್ಲಿ ಒಂದು ಹೆಚ್ಚುವರಿ ರಿಲೇ ಇಲ್ಲದೆ ಊರು ಬಿಡುವುದಿಲ್ಲ. ಅದು ಜಾಣತನ. ಆದರೆ ರಿಲೇ ಹಾಕಿದ ಮೇಲೂ ಕಾರು ನಿಂತರೆ ಅದೇ ಜಾಣತನ ಕಣ್ಣಿಗೆ ಕಟ್ಟಿದ ಬಟ್ಟೆಯಾಗುತ್ತದೆ. ಎಮ್ಮೆಯ ಜಾಗಕ್ಕೆ ರಿಲೇ ಬಂದಿತು, ಬರೆ ಮಾತ್ರ ಹಾಗೇ ಉಳಿಯಿತು.

ಬಿಸಿಯಾದಾಗ ನಿಂತು ತಣಿದಾಗ ಏಳುವ ಗುಣ ರಿಲೇಯೊಂದಕ್ಕೇ ಮೀಸಲಲ್ಲ. ಫ್ಲೈವೀಲಿನ ಪಕ್ಕದಲ್ಲಿ ಎರಡು ಸೆನ್ಸರುಗಳಿವೆ. ಒಂದು ಫ್ಲೈವೀಲಿನ ಹಲ್ಲು ಎಣಿಸಿ ವೇಗ ಹೇಳುತ್ತದೆ, ಇನ್ನೊಂದು ಪಿಸ್ಟನ್ ಎಲ್ಲಿದೆ ಎಂಬ ಗುರುತು ಹೇಳುತ್ತದೆ. ಇವುಗಳಿಗೂ ಫ್ಲೈವೀಲಿಗೂ ನಡುವಿನ ಅಂತರ ಮಿಲಿಮೀಟರಿಗಿಂತ ಕಡಿಮೆ. ಒಳಗಿನ ಸುರುಳಿ ಕಾದಾಗ ಕಡಿದು ತಣಿದಾಗ ಕೂಡಿದರೆ ಲಕ್ಷಣ ರಿಲೇಯದ್ದರಂತೆಯೇ ಇರುತ್ತದೆ. ತಣ್ಣಗಿರುವ ಸೆನ್ಸರಿಗೆ ಮೀಟರ್ ಹಿಡಿದು "ಸರಿಯಿದೆ" ಎಂದು ಬರೆದುಕೊಡುವುದು ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟಂತೆ. ಅದರ ಕನೆಕ್ಟರುಗಳು ಎಂಜಿನ್ನಿನ ಬೆನ್ನಿಗೆ, ಬಿಸಿಯಲ್ಲೇ ಇರುವುದರಿಂದ ಪ್ಲಾಸ್ಟಿಕ್ ಹಪ್ಪಳವಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಸೆನ್ಸರ್ ಸರಿಯಿದ್ದು ಕನೆಕ್ಟರ್ ಸಡಿಲವಾಗಿದ್ದರೂ ಫಲ ಒಂದೇ.

ಅರ್ತ್ ವೈರಿನ ಕಥೆ ಇನ್ನೂ ಮೋಸದ್ದು. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ ಸೊನ್ನೆ ಓಮ್ ಆಸುಪಾಸು ತೋರಿಸಿ ಎಲ್ಲ ಸರಿಯಿದೆ ಎನ್ನುತ್ತದೆ. ಅದನ್ನು ಬಯಲಿಗೆಳೆಯಲು ಎಂಜಿನ್ ಓಡುತ್ತ ಕರೆಂಟ್ ಹರಿಯುವಾಗ ವೈರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಸೋರುತ್ತಿದೆ ಎಂದು ಅಳೆಯಬೇಕು. ಇನ್ನು ಇಗ್ನಿಷನ್ ಸ್ವಿಚ್. ಕೀ ಹಿಂದಿನ ವಿದ್ಯುತ್ ಭಾಗ ಸವೆದರೆ ಮೊಣಕಾಲು ತಾಗಿದರೂ, ಕೀಗೊಂಚಲು ತೂಗಿದರೂ ಸಂಪರ್ಕ ತಪ್ಪುತ್ತದೆ. ಓಡುವ ಎಂಜಿನ್ನಿನಲ್ಲಿ ಕೀಯನ್ನು ಮೆಲ್ಲಗೆ ಅಲುಗಾಡಿಸಿದರೆ ಇದು ಗೊತ್ತಾಗುತ್ತದೆ. ಈ ಪರೀಕ್ಷೆ ಮಾಡಬೇಕಾದದ್ದು ಕಾರು ನಿಂತಿರುವಾಗ ಮಾತ್ರ.

ಇಲ್ಲಿಗೆ ನಾಲ್ಕು ಆರೋಪಿಗಳಾದರು, ನಾಲ್ವರದ್ದೂ ಒಂದೇ ಲಕ್ಷಣ. ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಕಾರು ಸರಿಯಾಗಲೂಬಹುದು. ಆದರೆ ಯಾವುದರಿಂದ ಸರಿಯಾಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ. ನಲವತ್ತು ವರ್ಷ ಕೆಟ್ಟಿರದ ಮೂರು ಅಸಲಿ ಸಾಮಾನುಗಳು ಗುಜರಿಗೆ ಹೋದವು, ಅವುಗಳ ಜಾಗಕ್ಕೆ ಬಂದ ಹೊಸವು ಎಷ್ಟು ದಿನ ಬಾಳುತ್ತವೋ ಯಾರಿಗೂ ಗೊತ್ತಿಲ್ಲ. ಪುಡಿಯಾಗುವ ಕನೆಕ್ಟರನ್ನು ಅನಗತ್ಯವಾಗಿ ಬಿಚ್ಚಿದ್ದಕ್ಕೆ ಹೊಸದೊಂದು ಕಾಯಿಲೆಯೂ ಸೇರಿಕೊಂಡಿರಬಹುದು. ಇದಕ್ಕಿಂತ ಕೆಟ್ಟದ್ದೂ ಇದೆ. ರಿಲೇಯ ಜಾಗದಲ್ಲಿ ಒಂದು ತುಂಡು ವೈರು ಚುಚ್ಚಿದರೆ ಪಂಪ್ ಓಡುತ್ತದೆ, ಕಾರು ಮನೆ ಸೇರುತ್ತದೆ. ಪರೀಕ್ಷೆಗೆ ಅದು ಒಳ್ಳೆಯದೇ. ಆದರೆ ಆ ವೈರನ್ನು ಅಲ್ಲೇ ಬಿಟ್ಟರೆ ಅಪಘಾತದಲ್ಲಿ ಪಂಪ್ ನಿಲ್ಲಿಸುವ ಕಾವಲುಗಾರನನ್ನೇ ಮನೆಗೆ ಕಳಿಸಿದಂತೆ.

ಬರೀ ತೊಂದರೆ ಎಂದುಕೊಂಡದ್ದು

ಓಡುವ ಕಾರು ನಿಲ್ಲುವುದು ಹವ್ಯಾಸಿಗಳ ಗೋಳು, ಅದರಲ್ಲಿ ಜೀವದ ಮಾತೇನು ಎನ್ನುವವರಿಗೆ ಅಮೆರಿಕದ ಜನರಲ್ ಮೋಟರ್ಸ್ ಪ್ರಕರಣ ಉತ್ತರ. ಮೇಲೆ ಹೇಳಿದ ನಾಲ್ಕನೆಯ ಆರೋಪಿ, ಇಗ್ನಿಷನ್ ಸ್ವಿಚ್, ಅಲ್ಲಿ ನಿಜವಾದ ಅಪರಾಧಿ. ಶೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್‌ನಂಥ ಸಾಧಾರಣ ಕಾರುಗಳಲ್ಲದೆ ಪಾಂಟಿಯಾಕ್ ಸಾಲ್ಸ್ಟಿಸ್, ಸ್ಯಾಟರ್ನ್ ಸ್ಕೈ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳೂ ಆ ಪಟ್ಟಿಯಲ್ಲಿದ್ದವು. ಸ್ವಿಚ್ಚಿನ ಬಿಗಿ ಸಾಲದೆ ಓಡುತ್ತಿರುವಾಗಲೇ ಕೀ ಹಿಂದಕ್ಕೆ ಜಾರುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಅದರೊಂದಿಗೆ ಪವರ್ ಸ್ಟಿಯರಿಂಗ್, ಬ್ರೇಕಿನ ಸಹಾಯ ಎರಡೂ ಹೋಗುತ್ತಿದ್ದವು. ಎಲ್ಲಕ್ಕಿಂತ ಘೋರವೆಂದರೆ ಕೀ ಆ ಜಾಗದಲ್ಲಿದ್ದಾಗ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ.

ಕಾರು ನಿಲ್ಲುತ್ತದೆ ಎಂಬ ದೂರು ಕಂಪನಿಗೆ ಮೊದಲಿನಿಂದಲೂ ಬಂದಿತ್ತು. ಅದನ್ನು ಸುರಕ್ಷತೆಯ ವಿಷಯವೆಂದು ಕಾಣದೆ ಗ್ರಾಹಕರ ಅನುಕೂಲದ ವಿಷಯವೆಂದು ವಿಂಗಡಿಸಿದ್ದರು. 2010ರಲ್ಲಿ ಜಾರ್ಜಿಯಾ ರಾಜ್ಯದ ಯುವತಿಯೊಬ್ಬಳು ತನ್ನ ಕೋಬಾಲ್ಟ್ ಓಡುತ್ತಲೇ ನಿಲ್ಲುತ್ತದೆ ಎಂದು ಸರ್ವಿಸಿಗೆ ಬಿಟ್ಟಳು. ಅಲ್ಲಿ ಫ್ಯೂಯಲ್ ಇಂಜೆಕ್ಷನ್ ಸ್ವಚ್ಛ ಮಾಡಿ ಕಾರು ಹಿಂತಿರುಗಿಸಿದರು. ಕಾರು ಕೈಗೆ ಬಂದ ಮೇಲೆ ಹೆಚ್ಚು ಸಮಯ ಕಳೆಯುವ ಮೊದಲೇ ಅದೇ ಕಾರಿನ ಅಪಘಾತದಲ್ಲಿ ಆಕೆ ತೀರಿಕೊಂಡಳು. ಅಪಘಾತದ ಗಳಿಗೆಯಲ್ಲಿ ಕೀ ಓಡುವ ಜಾಗದಲ್ಲಿ ಇರಲಿಲ್ಲ. ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ ಎಳೆದದ್ದರ ಬೆಲೆ ಇಲ್ಲಿ ಬಿಲ್ಲಿನಲ್ಲಿ ಇರಲಿಲ್ಲ.

ಅವಳ ತಂದೆತಾಯಿ ಹೂಡಿದ ಮೊಕದ್ದಮೆಯಲ್ಲಿ ದೋಷ ಹೊರಬಂದ ಬಗೆ ಗಮನಿಸಬೇಕು. ಅವರ ಪರ ನೇಮಕವಾದ ಎಂಜಿನಿಯರ್ ಹಳೆಯ ಸ್ವಿಚ್ಚನ್ನೂ ಅಂಗಡಿಯಲ್ಲಿ ಕೊಂಡ ಹೊಸ ಸ್ವಿಚ್ಚನ್ನೂ ಪಕ್ಕಪಕ್ಕ ಇಟ್ಟು ಬಿಚ್ಚಿ ನೋಡಿದರು. ಎರಡರ ಮೇಲೂ ಒಂದೇ ಪಾರ್ಟ್ ನಂಬರ್. ಒಳಗಿನ ಪುಟ್ಟ ಪ್ಲಂಜರ್ ಮಾತ್ರ ಹೊಸದರಲ್ಲಿ ಉದ್ದ, ಸ್ಪ್ರಿಂಗ್ ಬಿಗಿ. ಅಂದರೆ ಕಂಪನಿಯೊಳಗೆ ಯಾರೋ 2006ರಲ್ಲೇ ವಿನ್ಯಾಸ ತಿದ್ದಿ, ನಂಬರ್ ಬದಲಿಸದೆ ಬಿಟ್ಟಿದ್ದರು. 2014ರಲ್ಲಿ ಈ ಸ್ವಿಚ್ಚಿಗಾಗಿ ಸುಮಾರು 26 ಲಕ್ಷ ಕಾರುಗಳನ್ನು ಕಂಪನಿ ವಾಪಸು ಕರೆಯಿತು. ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. 2015ರಲ್ಲಿ ಅಮೆರಿಕ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದಕ್ಕೆ ಕಂಪನಿ ತೆತ್ತದ್ದು 90 ಕೋಟಿ ಡಾಲರ್. ಇಷ್ಟಕ್ಕೆಲ್ಲ ತೆರೆ ಎಳೆದದ್ದು ಎರಡು ಸ್ವಿಚ್ಚುಗಳನ್ನು ಹೋಲಿಸಿ ನೋಡಿದ ಒಬ್ಬ ಮನುಷ್ಯನ ತಾಳ್ಮೆ. ಆ ಹೊತ್ತಿಗೆ ಯಾರೋ ದುಡ್ಡು ಕೊಟ್ಟಿದ್ದರು ಎಂಬುದನ್ನು ಮರೆಯಬಾರದು.

ಖಂಡಾಲಾ ಘಾಟಿನ ಒದ್ದೆ ಬಟ್ಟೆ

ಹುಡುಕುವ ವಿದ್ಯೆ ಹೊರದೇಶದ್ದೇನಲ್ಲ. ಮುಂಬೈ, ಪುಣೆಯ ಓದುಗರಲ್ಲಿ ವಯಸ್ಸಾದವರಿಗೆ ಪ್ರೀಮಿಯರ್ ಪದ್ಮಿನಿ ನೆನಪಿರುತ್ತದೆ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈ ರಸ್ತೆಗಳಿಂದ ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ ಮರೆಯಾದವು. ಬೇಸಿಗೆಯಲ್ಲಿ ಖಂಡಾಲಾ ಘಾಟು ಹತ್ತುವಾಗ ಆ ಕಾರು ಉಸಿರುಗಟ್ಟಿ ನಿಂತರೆ ಚಾಲಕ ಬಾನೆಟ್ ಎತ್ತಿ ಫ್ಯೂಯಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದ. ಎಂಜಿನ್ನಿಗೆ ಅಂಟಿಕೊಂಡ ಪಂಪು ಕಾದು ಒಳಗಿನ ಪೆಟ್ರೋಲ್ ಆವಿಯಾಗಿ, ಪಂಪ್ ಎಷ್ಟು ಒತ್ತಿದರೂ ಮುಂದಕ್ಕೆ ಹರಿಯದಿರುವುದು ಅದರ ಕಾಯಿಲೆ. ಬಟ್ಟೆ ತಂಪು ಮಾಡಿದರೆ ಆವಿ ಮತ್ತೆ ಪೆಟ್ರೋಲಾಗುತ್ತದೆ. ಆ ಚಾಲಕನ ಬಟ್ಟೆ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಬಟ್ಟೆ ಹಾಕಿದ ತಕ್ಷಣ ಎದ್ದರೆ ರೋಗ ಇದೇ, ಏಳದಿದ್ದರೆ ಬೇರೆ ಕಡೆ ನೋಡು. ಡ್ರೈಯರಿನಿಂದ ರಿಲೇ ಕಾಯಿಸುವುದೂ ಪಂಪಿಗೆ ಒದ್ದೆ ಬಟ್ಟೆ ಹಾಕುವುದೂ ಒಂದೇ ವಿದ್ಯೆಯ ಎರಡು ಮುಖ.

ಆ ಚಾಲಕನಿಗೆ ಅದು ಬಂದದ್ದು ಅನಿವಾರ್ಯದಿಂದ. ಬದಲಿಸಲು ಕೈಯಲ್ಲಿ ಸಾಮಾನಿರಲಿಲ್ಲ, ದುಡ್ಡೂ ಇರಲಿಲ್ಲ, ಹಾಗಾಗಿ ಯೋಚಿಸಬೇಕಾಗಿತ್ತು. ಈಗ ಫೋನಿನಲ್ಲಿ ಒತ್ತಿದರೆ ಎರಡು ದಿನದಲ್ಲಿ ಸಾಮಾನು ಮನೆ ಬಾಗಿಲಿಗೆ ಬರುತ್ತದೆ. ಯೋಚಿಸುವುದು ನಿಧಾನದ ದಾರಿ ಎನ್ನಿಸಲು ಅಷ್ಟೇ ಸಾಕು.

ಹೊಸ ಕಾರುಗಳಲ್ಲಿ ಸ್ಕ್ಯಾನರ್ ಇದೆಯಲ್ಲ ಎನ್ನಬಹುದು. ಸ್ಕ್ಯಾನರ್ ಹೇಳುವುದು ದೂರನ್ನು, ಕಾರಣವನ್ನಲ್ಲ. ಪಿ0335 ಎಂಬ ಕೋಡ್ ಬಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದರ್ಥ. ಸರ್ಕ್ಯೂಟ್ ಎಂದರೆ ಸೆನ್ಸರ್, ಕನೆಕ್ಟರ್, ವೈರು, ಅರ್ತ್ ಎಲ್ಲವೂ. ಬಹಳ ಕಡೆ ಅದನ್ನು "ಸೆನ್ಸರ್ ಹೋಗಿದೆ" ಎಂದು ಓದುತ್ತಾರೆ. ಪಿ0171 ಬಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದರ್ಥ. ಆ ಸತ್ಯವನ್ನು ತಿಳಿಸಿದ ಆಕ್ಸಿಜನ್ ಸೆನ್ಸರನ್ನೇ ಕಿತ್ತು ಹೊಸದು ಹಾಕಿ, ಗಾಳಿ ಸೋರುವ ಹರಿದ ಪೈಪನ್ನು ಹಾಗೇ ಬಿಟ್ಟು ಬಿಲ್ ಕೊಡುವುದುಂಟು. ಸಾಕ್ಷಿ ಹೇಳಿದವನನ್ನೇ ಜೈಲಿಗೆ ಹಾಕಿದಂತೆ.

ಹುಡುಕಿದ್ದಕ್ಕೂ ಕೂಲಿ

ಬದಲಾಯಿಸಿ ನೋಡುವುದರ ಪರವಾಗಿಯೂ ನ್ಯಾಯವಾದ ಮಾತಿದೆ. ರಿಲೇ ಅಗ್ಗ, ಮೆಕ್ಯಾನಿಕ್‌ನ ಅರ್ಧ ದಿನ ದುಬಾರಿ. ಹಳೆಯ ಕಾರಿನಲ್ಲಿ ಒಂದಲ್ಲ ಒಂದು ದಿನ ಕೆಡುವ ಸಾಮಾನನ್ನು ಮೊದಲೇ ಬದಲಿಸಿದರೆ ನಷ್ಟವಿಲ್ಲ. ಗ್ಯಾರೇಜಿನಲ್ಲಿ ನಿಲ್ಲದ ಕಾರನ್ನು ನಿಲ್ಲುವವರೆಗೆ ಓಡಿಸುತ್ತ ಕೂರಲು ಯಾರಿಗೆ ಪುರುಸೊತ್ತಿದೆ? ಇದೆಲ್ಲ ನಿಜ. ಅಗ್ಗದ ಸಾಮಾನನ್ನು ಬದಲಿಸುವುದೂ ಒಂದು ಪರೀಕ್ಷೆಯೇ ಆಗಬಹುದು, ಪರೀಕ್ಷೆಯಂತೆ ನಡೆಸಿದರೆ. ಅಂದರೆ ಒಂದು ಸಲಕ್ಕೆ ಒಂದೇ ಸಾಮಾನು. ಹಳೆಯದನ್ನು ಎಸೆಯದೆ ಎತ್ತಿಡಬೇಕು. ಕಾರು ಸರಿಯಾಯಿತೆನಿಸಿದರೆ ಹಳೆಯದನ್ನು ಮತ್ತೆ ಹಾಕಿ ದೋಷ ಮರಳುತ್ತದೆಯೇ ಎಂದು ನೋಡಬೇಕು. ಮರಳಿದರೆ ಮಾತ್ರ ಪತ್ತೆಯಾಯಿತು. ಇಲ್ಲದಿದ್ದರೆ ಕಾರು ತಾನಾಗಿ ಸುಮ್ಮನಿದೆ, ಅಷ್ಟೇ.

ಇಷ್ಟು ಶಿಸ್ತಿಗೆ ಹೊತ್ತು ಬೇಕು. ಆ ಹೊತ್ತಿಗೆ ದುಡ್ಡು ಕೊಡುವವರು ಯಾರು ಎಂಬಲ್ಲಿಗೇ ಮಾತು ಮತ್ತೆ ಬರುತ್ತದೆ. ಅರ್ಧ ದಿನ ಕೂತು, ಒಂದು ಸಡಿಲ ಅರ್ತ್ ವೈರು ಕಂಡುಹಿಡಿದು, ಉಜ್ಜಿ ಬಿಗಿ ಮಾಡಿ, ಎರಡು ಸಾವಿರ ಕೇಳಿದ ಮೆಕ್ಯಾನಿಕ್‌ಗೆ ಸಿಗುವ ಉತ್ತರ ಎಲ್ಲರಿಗೂ ಗೊತ್ತು: "ಏನಣ್ಣ, ಒಂದು ಬೋಲ್ಟ್ ಟೈಟ್ ಮಾಡಿದ್ದಕ್ಕೆ ಎರಡು ಸಾವಿರವಾ?" ಅದೇ ಮೆಕ್ಯಾನಿಕ್ ಎಂಟು ಸಾವಿರದ ಫ್ಯೂಯಲ್ ಪಂಪ್ ಹಾಕಿ ಹಳೆಯದನ್ನು ಕವರಿನಲ್ಲಿ ಸುತ್ತಿ ಕೈಗೆ ಕೊಟ್ಟಿದ್ದರೆ ಮಾತಿಲ್ಲದೆ ದುಡ್ಡು ಬರುತ್ತಿತ್ತು, ಮೇಲೆ ಸಾಮಾನಿನ ಲಾಭವೂ ಉಳಿಯುತ್ತಿತ್ತು. ಮುಂದಿನ ಸಲ ಅವನು ಏನು ಮಾಡುತ್ತಾನೆ? ಇಂಥ ಪ್ರತಿಯೊಂದು ಚೌಕಾಸಿಯೂ ಹುಡುಕಬಲ್ಲ ಒಬ್ಬ ಮೆಕ್ಯಾನಿಕ್‌ನನ್ನು ಬದಲಾಯಿಸುವ ಮೆಕ್ಯಾನಿಕ್ ಮಾಡುತ್ತದೆ. ಅವನ ಕೈಕೆಳಗೆ ಕಲಿಯುವ ಹುಡುಗನಿಗೆ ಹುಡುಕುವುದನ್ನು ನೋಡುವ ಅವಕಾಶವೇ ಇರುವುದಿಲ್ಲ.

ಕಾರಿನ ಯಜಮಾನ ಮಾಡಬಹುದಾದದ್ದು ಬೆಟ್ಟದಷ್ಟಿಲ್ಲ. ನಿಂತಾಗಲೆಲ್ಲ ನಾಲ್ಕು ಸಾಲು ಬರೆದಿಡಬೇಕು: ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು, ತಟ್ಟನೆ ನಿಂತಿತೋ ಕೆಮ್ಮಿ ನಿಂತಿತೋ, ಮುಳ್ಳು ಏನು ಮಾಡಿತು, ಎಷ್ಟು ಹೊತ್ತಿಗೆ ಮತ್ತೆ ಎದ್ದಿತು. ಬಿಸಿಲಿತ್ತೋ ಮಳೆಯಿತ್ತೋ, ಟ್ಯಾಂಕ್ ಎಷ್ಟು ತುಂಬಿತ್ತು ಎಂಬುದೂ ಸೇರಿದರೆ ಇನ್ನೂ ಒಳ್ಳೆಯದು. ಓಡುತ್ತಲೇ ನಿಂತರೆ ಗಾಬರಿಯಲ್ಲಿ ಕೀ ಕೀಳಬಾರದು, ಸ್ಟಿಯರಿಂಗ್ ಲಾಕ್ ಆದೀತು. ಬ್ರೇಕಿನ ಸಹಾಯ ಒಂದೆರಡು ಸಲ ಒತ್ತುವಷ್ಟು ಉಳಿದಿರುತ್ತದೆ. ಬಿಟ್ಟು ಬಿಟ್ಟು ಒತ್ತದೆ ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದು ಪಕ್ಕಕ್ಕೆ ತರಬೇಕು. ಇಂಥ ಕಾರನ್ನು ಪತ್ತೆಯಾಗುವವರೆಗೆ ಹೈವೇಗೆ ಒಯ್ಯದಿರುವುದು ಎಲ್ಲಕ್ಕಿಂತ ಮೇಲು.

ಗ್ಯಾರೇಜಿನಲ್ಲಿ "ಏನು ಬದಲಿಸಬೇಕು?" ಎನ್ನುವ ಬದಲು "ಹೇಗೆ ಗೊತ್ತಾಯಿತು?" ಎಂದು ಕೇಳುವ ರೂಢಿ ಬರಲಿ. ಅಳೆದು ನೋಡಿದವನು ಸಂತೋಷದಿಂದ ಉತ್ತರ ಕೊಡುತ್ತಾನೆ, ಮೀಟರ್ ಹಿಡಿದು ತೋರಿಸುತ್ತಾನೆ. ಹೊಡೆದ ಗುಂಡು ತಾಗಲಿ ಎಂದುಕೊಂಡವನು ಆ ಪ್ರಶ್ನೆಗೆ ಸಿಡುಕುತ್ತಾನೆ. ಇಬ್ಬರನ್ನೂ ಗುರುತಿಸಲು ಇಷ್ಟು ಸಾಕು. ಹುಡುಕುವುದಕ್ಕೆ ಇಷ್ಟು ಗಂಟೆ, ಇಷ್ಟು ಕೂಲಿ ಎಂದು ಕೆಲಸಕ್ಕೆ ಮುಂಚೆಯೇ ಮಾತಾಡಿಕೊಂಡರೆ ಕೊನೆಯಲ್ಲಿ ಜಗಳವೂ ಇರುವುದಿಲ್ಲ.

ಆಮೇಲೊಂದು ದಿನ ಬಿಲ್ಲಿನಲ್ಲಿ ಹೊಸ ಸಾಮಾನಿನ ಹೆಸರೇ ಇಲ್ಲದೆ, "ಅರ್ತ್ ವೈರ್ ಸಡಿಲವಿತ್ತು, ಸರಿಮಾಡಿದೆ, ಹುಡುಕಿದ ಕೂಲಿ ಇಷ್ಟು" ಎಂದು ಮಾತ್ರ ಬರೆದಿದ್ದರೆ ಚೌಕಾಸಿ ಮಾಡದೆ ಕೊಟ್ಟು ಬರಬೇಕು. ಆ ದಿನ ಎಮ್ಮೆ ಬದುಕಿತು, ಎತ್ತಿನ ಜ್ವರವೂ ಇಳಿಯಿತು.